ತಳ ಮುಟ್ಟುವ ಗಾಳ: ತೂಕದ ಮಿಡ್ಜ್ ಫ್ಲೈಗಳ ಒಂದು ಶತಮಾನ

ಹೊಳೆಯ ಟ್ರೌಟ್ ಮೀನಿಗೆ ಹರಿವೇ ಆಹಾರ ತಂದುಕೊಡುತ್ತದೆ. ನಿಂತ ನೀರಿನ ಟ್ರೌಟ್ ಮಾತ್ರ ಅಲೆದು ಮೇಯಬೇಕು. ಅದಕ್ಕೆ ವರ್ಷವಿಡೀ ಸಿಗುವ ಮೇವುಗಳಲ್ಲಿ ಮುಖ್ಯವಾದದ್ದು ತಳದ ಕೆಸರಿನಲ್ಲಿ ಬದುಕುವ ಮಿಡ್ಜ್ ನೊಣದ ಲಾರ್ವಾ. ಆಮ್ಲಜನಕ ಕಡಿಮೆಯಿರುವ ಕೆಸರಿನಲ್ಲಿ ಬಾಳಲು ಹಲವು ಜಾತಿಯ ಲಾರ್ವಾಗಳಿಗೆ ಹಿಮೋಗ್ಲೋಬಿನ್ ನೆರವಾಗುತ್ತದೆ. ಅವುಗಳ ಕೆಂಪು ಬಣ್ಣವೂ ಅದರಿಂದಲೇ. ದಾರದಷ್ಟು ಸಪೂರವಾದ ಈ ಹುಳುವಿನ ಪ್ರತಿರೂಪವನ್ನು, ಅಂದರೆ ‘ಫ್ಲೈ’ಯನ್ನು, ಕೊಕ್ಕೆಯ ಮೇಲೆ ಕಟ್ಟುವುದು ಕಷ್ಟವಲ್ಲ. ಅದನ್ನು ಹುಳುವಿರುವ ಆಳಕ್ಕೇ ಇಳಿಸಿ, ಅಲ್ಲೇ ಉಳಿಸುವುದು ಕಷ್ಟ. ಈ ಕಸುಬಿನ ಬೆಳವಣಿಗೆಯೆಲ್ಲ ಆ ಕಷ್ಟದ ಸುತ್ತಲೇ ನಡೆದಿದೆ.

ಇಂಗ್ಲೆಂಡಿನ ಬ್ಲಾಗ್ಡನ್ ಜಲಾಶಯದಲ್ಲಿ 1904ರಲ್ಲಿ ಟ್ರೌಟ್ ಗಾಳಗಾರಿಕೆ ಶುರುವಾದಾಗ ಬಳಕೆಯಲ್ಲಿದ್ದದ್ದು ದೊಡ್ಡ, ಬಣ್ಣಬಣ್ಣದ ಫ್ಲೈಗಳು. ಆ ಸೀಮೆಯ ವೈದ್ಯ ಡಾ. ಬೆಲ್ ಹಿಡಿದ ಮೀನುಗಳ ಹೊಟ್ಟೆ ಸೀಳಿ, ಅವು ತಿಂದದ್ದೇನೆಂದು ನೋಡತೊಡಗಿದರು. ಅವರು ಕಟ್ಟಿದ ಬ್ಲಾಗ್ಡನ್ ಬಜರ್ ಮಿಡ್ಜ್ ಪ್ಯೂಪಾದ ಅನುಕರಣೆ: ಕಪ್ಪು ಉಣ್ಣೆಯ ಮೈ, ಚಿನ್ನದ ಬಣ್ಣದ ಸುತ್ತು, ತಲೆಯ ಬಳಿ ಬಿಳಿ ಎಳೆ. ಊಹೆಯ ಜಾಗಕ್ಕೆ ಪರೀಕ್ಷೆ ಬಂದದ್ದು ಇಲ್ಲಿಂದ.

ತೂಕದ ವಿಷಯದಲ್ಲಿ ದಾರಿ ತೋರಿದವರು ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್. ದಾರದ ಬದಲು ತೆಳು ತಾಮ್ರದ ತಂತಿಯಿಂದಲೇ ಫ್ಲೈ ಕಟ್ಟುವ ಅವರ ವಿಧಾನ 1958ರ ಅವರ ಪುಸ್ತಕದಿಂದ ಎಲ್ಲೆಡೆ ಹಬ್ಬಿತು. ಹೊಳೆಗೆಂದು ಹುಟ್ಟಿದ ಈ ಉಪಾಯ ಜಲಾಶಯಕ್ಕೂ ಒಗ್ಗಿತು. ಜಾನ್ ಗೊಡಾರ್ಡ್ 1969ರಲ್ಲಿ, ಬ್ರಯಾನ್ ಕ್ಲಾರ್ಕ್ 1975ರಲ್ಲಿ ಪ್ರಕಟಿಸಿದ ಪುಸ್ತಕಗಳು ಕೀಟಗಳ ಬದುಕನ್ನು ಅರಿತು ಗಾಳ ಹಾಕುವ ಪದ್ಧತಿಯನ್ನು ನಿಂತ ನೀರಿನಲ್ಲಿ ಬೇರೂರಿಸಿದವು.

ಆಳದ ಲೆಕ್ಕವನ್ನು ಇನ್ನಷ್ಟು ನಿಖರಗೊಳಿಸಿದ್ದು ಕೆನಡಾದ ಕ್ಯಾಮ್‌ಲೂಪ್ಸ್ ಸುತ್ತಲಿನ ಸರೋವರಗಳು. ಜ್ಯಾಕ್ ಶಾ, ನಂತರ ಮೀನುಗಾರಿಕಾ ಜೀವವಿಜ್ಞಾನಿ ಬ್ರಯಾನ್ ಚಾನ್ ಮೊದಲಾದವರು ಅಲ್ಲಿ ಮಿಡ್ಜ್ ಫ್ಲೈಗಳ ಬಳಕೆಯನ್ನು ಬೆಳೆಸಿದರು. ಮೊದಲು ದಾರಕ್ಕೊಂದು ಗುಂಡು ಕಟ್ಟಿ ತಳದ ಆಳ ಅಳೆಯುವುದು, ಬಳಿಕ ತೇಲುಬುರುಡೆಯ ಕೆಳಗೆ ಫ್ಲೈಯನ್ನು ತಳದಿಂದ ಸುಮಾರು 30 ಸೆಂ.ಮೀ. ಮೇಲೆ ತೂಗಿಬಿಡುವುದು ಅಲ್ಲಿ ರೂಢಿಯಾಯಿತು.

ಇದರ ಜೊತೆಗೇ ಸಾಮಗ್ರಿಯೂ ಬದಲಾಯಿತು. ಕೊಕ್ಕೆಯ ಕಾಲಿಗೆ ಸೀಸದ ತಂತಿ ಸುತ್ತಿ, ಮೇಲೆ ಕೆಂಪು ದಾರ ಮುಚ್ಚುವುದು ಹಳೆಯ ಕ್ರಮ. ಆದರೆ ಸೀಸ ವಿಷ. ಹಂಸಗಳು ಸಾಯುತ್ತಿದ್ದುದರಿಂದ ಬ್ರಿಟನ್ 1987ರಲ್ಲಿ ಗಾಳದ ಬಹುತೇಕ ಸೀಸದ ಗುಂಡುಗಳನ್ನು ನಿಷೇಧಿಸಿತು. ಈಗ ಟಂಗ್‌ಸ್ಟನ್ ಮಣಿ ಮೇಲುಗೈ ಪಡೆದಿದೆ: ಸೀಸದ ಸಾಂದ್ರತೆ ಘನ ಸೆಂ.ಮೀ.ಗೆ 11.3 ಗ್ರಾಂ ಆದರೆ ಇದರದ್ದು 19.3. ಪುಟ್ಟ ಮಣಿಯೇ ಸಾಕಾಗುವುದರಿಂದ ಹುಳುವಿನ ಸಪೂರ ಮೈ ಕೆಡುವುದಿಲ್ಲ. ಎಪಾಕ್ಸಿ ಲೇಪನದಿಂದ ಇನ್ನೊಂದು ಪಾಠ ಸಿಕ್ಕಿತು: ನುಣುಪಾದ ತೆಳು ಮೈಗೆ ನೀರಿನ ತಡೆ ಕಡಿಮೆ, ಹಾಗಾಗಿ ಹೆಚ್ಚು ಲೋಹವಿಲ್ಲದೆಯೂ ಅದು ಬೇಗ ಮುಳುಗುತ್ತದೆ.

ತೂಕ ಹೆಚ್ಚಿದರೆ ಫ್ಲೈ ಬೇಗ ಇಳಿಯುತ್ತದೆ, ಆದರೆ ಜೀವಕಳೆ ಕುಂದುತ್ತದೆ. ಅದಕ್ಕೇ ಹಲವರು ಬಾಲಕ್ಕೆ ಮೃದುವಾದ ಮ್ಯಾರಬೂ ಗರಿ ಸೇರಿಸುತ್ತಾರೆ. ನೀರು ಅಲುಗಿದರೆ ಸಾಕು, ಅದು ಹುಳುವಿನಂತೆ ನುಲಿಯುತ್ತದೆ. ಹೊಸದಾಗಿ ಕಟ್ಟಲು ಕಲಿಯುವವರು ಮಣಿ, ಅಂಟುಗಳ ಆಯ್ಕೆಗಿಂತ ಮೊದಲು ಲಾರ್ವಾದ ಬದುಕನ್ನು ತಿಳಿಯಲಿ. ಅದು ಯಾವ ಆಳದಲ್ಲಿದೆ, ಎಷ್ಟು ನಿಧಾನ ಚಲಿಸುತ್ತದೆ ಎಂಬುದು ಗೊತ್ತಾದರೆ, ಎಷ್ಟು ತೂಕ ಬೇಕೆಂಬುದು ತಾನಾಗಿಯೇ ನಿರ್ಧಾರವಾಗುತ್ತದೆ.