ಮುಧೋಳ ಶ್ವಾನ ತಳಿಯ ದಿನಾಚರಣೆ: ಸಾರ್ವಜನಿಕರಿಗೆ ಹಾಗೂ ಸಂಘಟಕರಿಗೆ ಮಾಹಿತಿ

1. ಪೀಠಿಕೆ

ಅಚ್ಚುಮೆಚ್ಚಿನ ಶ್ವಾನ ತಳಿಯೊಂದರ ಹೆಸರಿನಲ್ಲಿ ಒಂದು ದಿನವನ್ನು ಮೀಸಲಿಟ್ಟು ಆಚರಿಸುವ ಪದ್ಧತಿ ಇತ್ತೀಚಿನ ವರ್ಷಗಳಲ್ಲಿ ಅನೇಕ ದೇಶಗಳಲ್ಲಿ ರೂಢಿಗೆ ಬಂದಿದೆ. ಕರ್ನಾಟಕದ ಮಟ್ಟಿಗೆ ಇಂತಹ ಗೌರವಕ್ಕೆ ಮೊದಲು ಅರ್ಹವಾಗುವ ತಳಿಯೆಂದರೆ ಬಾಗಲಕೋಟೆ ಜಿಲ್ಲೆಯ ಮುಧೋಳ ಶ್ವಾನ. ಗ್ರಾಮ ಪಂಚಾಯಿತಿಗಳು, ಯುವಕ ಸಂಘಗಳು, ಶಾಲೆಗಳು ಹಾಗೂ ಶ್ವಾನಪಾಲಕರು ಸದರಿ ತಳಿಯ ದಿನಾಚರಣೆಯನ್ನು ಕಾನೂನುಬದ್ಧವಾಗಿ ಮತ್ತು ಪ್ರಾಣಿಗಳಿಗೆ ಹಿಂಸೆಯಾಗದಂತೆ ನಡೆಸಲು ಅನುಕೂಲವಾಗುವಂತೆ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ತಳಿಯ ಪರಿಚಯ

ಮುಧೋಳ ಶ್ವಾನವು ದೃಷ್ಟಿಯ ಬಲದಿಂದ ಬೇಟೆಯನ್ನು ಗುರುತಿಸಿ, ವೇಗದಿಂದ ಬೆನ್ನಟ್ಟುವ ನಾಯಿಗಳ ವರ್ಗಕ್ಕೆ ಸೇರಿದೆ. ನೀಳವಾದ ತಲೆ, ಉದ್ದನೆಯ ಬಲಿಷ್ಠ ದವಡೆ, ಆಳವಾದ ಎದೆ, ಒಳಕ್ಕೆ ಸೇದಿದ ಹೊಟ್ಟೆ, ತೆಳುವಾದ ಉದ್ದ ಕಾಲುಗಳು ಮತ್ತು ಮೈಗಂಟಿದ ಗಿಡ್ಡ ಕೂದಲು ಇದರ ಮುಖ್ಯ ಲಕ್ಷಣಗಳು. ಮಹಾರಾಷ್ಟ್ರದ ಕಡೆ ಇದೇ ಬಗೆಯ ನಾಯಿಯನ್ನು ಕಾರವಾನಿ ಎಂದು ಕರೆಯುತ್ತಾರೆ. ಆರೋಗ್ಯವಂತ ಮುಧೋಳ ನಾಯಿ ನೋಡಲು ಸಣಕಲಾಗಿಯೇ ಕಾಣುತ್ತದೆ. ಇದನ್ನು ಅರಿಯದೆ ಅತಿಯಾಗಿ ಉಣಿಸಿ ಬೊಜ್ಜು ಬರಿಸುವುದು ಸರಿಯಲ್ಲ.

ಈ ನಾಯಿ ಸ್ವಭಾವತಃ ತನ್ನ ಮನೆಯವರನ್ನು ಹಚ್ಚಿಕೊಂಡು, ಅಪರಿಚಿತರಿಂದ ದೂರವಿರುತ್ತದೆ. ಪರಕೀಯರು ಮೈ ಮುಟ್ಟುವುದು ಇದಕ್ಕೆ ಹಿಡಿಸುವುದಿಲ್ಲ. ಜನಜಂಗುಳಿ ಸೇರುವ ಸಮಾರಂಭಗಳಲ್ಲಿ ಸಂಘಟಕರು ಈ ಅಂಶವನ್ನು ವಿಶೇಷವಾಗಿ ಗಮನದಲ್ಲಿ ಇಟ್ಟುಕೊಳ್ಳತಕ್ಕದ್ದು.

3. ಚಾರಿತ್ರಿಕ ಹಿನ್ನೆಲೆ

ಘಟಪ್ರಭಾ ನದಿಯ ದಂಡೆಯ ಮುಧೋಳವು ಹಿಂದೆ ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಅರಸರಾದ ಮಾಲೋಜಿರಾವ್ ಘೋರ್ಪಡೆಯವರು, ಸುತ್ತಲಿನ ಬೇಡ ಸಮುದಾಯದವರು ಸಾಕುತ್ತಿದ್ದ ಈ ಬೇಟೆ ನಾಯಿಗಳನ್ನು ಗುರುತಿಸಿ ಪೋಷಿಸಿದರು. ಅವರು ಬ್ರಿಟನ್ನಿನ ಅರಸ ಐದನೇ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂದೂ, ಮುಧೋಳದ ಹೆಸರು ತಳಿಗೆ ಅಂಟಿಕೊಂಡದ್ದು ಆ ನಂತರವೆಂದೂ ಪ್ರತೀತಿಯಿದೆ.

ಭಾರತೀಯ ಅಂಚೆ ಇಲಾಖೆಯು 2005ರಲ್ಲಿ ದೇಶೀಯ ಶ್ವಾನ ತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಮುಧೋಳ ನಾಯಿಗೂ ಸ್ಥಾನ ದೊರೆಯಿತು. 2016ರಲ್ಲಿ ಭಾರತೀಯ ಭೂಸೇನೆಯು ಮೀರತ್‌ನ ತನ್ನ ಕೇಂದ್ರದಲ್ಲಿ ತರಬೇತಿಗಾಗಿ ಮುಧೋಳ ಮರಿಗಳನ್ನು ಪಡೆದುಕೊಂಡಿತು. ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಸಂಸ್ಥೆಯು ರಾಜಪಾಳಯಂ ಹಾಗೂ ಚಿಪ್ಪಿಪಾರೈ ತಳಿಗಳೊಂದಿಗೆ ಮುಧೋಳವನ್ನೂ ನೋಂದಾಯಿತ ತಳಿಯಾಗಿ ದಾಖಲಿಸಿದೆ.

ನಾಯಿಯನ್ನು ಗೌರವಿಸುವುದು ಕನ್ನಡ ನಾಡಿಗೆ ಹೊಸದಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಹತ್ತನೆಯ ಶತಮಾನದ ವೀರಗಲ್ಲು ಇದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ದೊರೆ ಬೂತುಗನು ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಆತನು ಕಾಳಿ ಎಂಬ ಬೇಟೆ ನಾಯಿಯನ್ನು ಕೇಳಿ ಪಡೆದನು. ಕಾಳಿಯು ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಊಟ ಮಾಡುವ ಗೊರವನಿಗೆ ಪಾಪ ತಟ್ಟುವುದೆಂದು ಶಾಸನದಲ್ಲಿ ವಿಧಿಸಲಾಗಿದೆ. ಸದರಿ ಕಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಶಾಲೆಗಳು ದಿನಾಚರಣೆಯ ಅಂಗವಾಗಿ ಈ ಶಾಸನದ ವಿಷಯವನ್ನು ಮಕ್ಕಳಿಗೆ ತಿಳಿಸಿಕೊಡಬಹುದು.

4. ದಿನದ ಆಯ್ಕೆ

ಸಂಘಟಕರು ತಮ್ಮ ಊರಿನ ಅನುಕೂಲಕ್ಕೆ ತಕ್ಕಂತೆ ದಿನವನ್ನು ಆರಿಸಿಕೊಳ್ಳಬಹುದು. ಆಯ್ಕೆಯಲ್ಲಿ ಕೆಳಕಂಡ ಅಂಶಗಳನ್ನು ಪರಿಗಣಿಸುವುದು ಸೂಕ್ತ:

ಅ) ಆಗಸ್ಟ್ 26 ಅಂತರರಾಷ್ಟ್ರೀಯ ಶ್ವಾನ ದಿನವೆಂದು ಆಚರಿಸಲ್ಪಡುತ್ತದೆ.
ಆ) ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಲೂಯಿ ಪಾಶ್ಚರ್ ನಿಧನರಾದ ದಿನದಂದು ಇದನ್ನು ಆಚರಿಸಲಾಗುತ್ತಿದೆ. ಅಂದು ತಳಿಯ ದಿನಾಚರಣೆಯ ಜೊತೆಗೆ ಲಸಿಕಾ ಶಿಬಿರವನ್ನೂ ಏರ್ಪಡಿಸಿದಲ್ಲಿ ಒಂದೇ ಖರ್ಚಿನಲ್ಲಿ ಎರಡು ಉದ್ದೇಶಗಳು ಈಡೇರುತ್ತವೆ.
ಇ) ಮಾರ್ಚ್‌ನಿಂದ ಮೇ ವರೆಗಿನ ಬಿರುಬೇಸಿಗೆಯನ್ನು ತಪ್ಪಿಸುವುದು ಉತ್ತಮ. ಉಳಿದ ತಿಂಗಳುಗಳಲ್ಲಿಯೂ ಕಾರ್ಯಕ್ರಮವನ್ನು ಬೆಳಗಿನ ಹೊತ್ತಿನಲ್ಲೇ ಮುಗಿಸುವುದು ಲೇಸು.

5. ಅನುಮತಿ ಪಡೆಯುವ ಕ್ರಮ

5.1 ಸ್ಥಳ: ಮೈದಾನ ಅಥವಾ ಸಾರ್ವಜನಿಕ ಸ್ಥಳದ ಬಳಕೆಗೆ ಸಂಬಂಧಪಟ್ಟ ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ಪುರಸಭೆ ಅಥವಾ ನಗರಸಭೆಗೆ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು.

5.2 ಪೊಲೀಸ್ ಠಾಣೆ: ಜನ ಸೇರುವ ಕಾರ್ಯಕ್ರಮವಾದ್ದರಿಂದ ಸ್ಥಳೀಯ ಠಾಣೆಗೆ ಮುಂಚಿತವಾಗಿ ಮಾಹಿತಿ ನೀಡತಕ್ಕದ್ದು. ಧ್ವನಿವರ್ಧಕ ಬಳಸುವುದಾದಲ್ಲಿ ಶಬ್ದ ಮಾಲಿನ್ಯ ನಿಯಮಗಳು, 2000ರ ಅನ್ವಯ ಲಿಖಿತ ಅನುಮತಿ ಅಗತ್ಯ. ನಾಯಿಯ ಶ್ರವಣಶಕ್ತಿ ಮನುಷ್ಯರಿಗಿಂತ ಸೂಕ್ಷ್ಮವಾದ್ದರಿಂದ ಧ್ವನಿವರ್ಧಕಗಳನ್ನು ನಾಯಿಗಳಿಂದ ದೂರವಿರಿಸುವುದು.

5.3 ಪಶುವೈದ್ಯರು: ಕಾರ್ಯಕ್ರಮದ ವೇಳೆ ಪಶುವೈದ್ಯರ ಉಪಸ್ಥಿತಿಗಾಗಿ ಸಮೀಪದ ಪಶು ಆಸ್ಪತ್ರೆಗೆ ಸಾಕಷ್ಟು ಮುಂಚಿತವಾಗಿ ಮನವಿ ಸಲ್ಲಿಸುವುದು.

5.4 ಟಿಕೆಟ್ ಮಾರಾಟ: ಟಿಕೆಟ್ ಪಡೆದು ಸಾರ್ವಜನಿಕರಿಗೆ ಪ್ರವೇಶ ನೀಡುವ ಮನರಂಜನೆಯಲ್ಲಿ ಪ್ರಾಣಿಗಳನ್ನು ಪ್ರದರ್ಶಿಸಲು ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ ಅಡಿ ನೋಂದಣಿ ಕಡ್ಡಾಯ. ಟಿಕೆಟ್ ಇರುವ ಶ್ವಾನ ಪ್ರದರ್ಶನ ಯೋಜಿಸುವವರು ಈ ಬಗ್ಗೆ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು.

5.5 ಅರ್ಜಿಯಲ್ಲಿ ಇರಬೇಕಾದ ವಿವರಗಳು: ಸಂಘಟಕರ ಹೆಸರು ಮತ್ತು ವಿಳಾಸ, ದಿನಾಂಕ ಮತ್ತು ವೇಳೆ, ಸ್ಥಳ, ಭಾಗವಹಿಸುವ ನಾಯಿಗಳ ಅಂದಾಜು ಸಂಖ್ಯೆ, ನೆರಳು ಮತ್ತು ಕುಡಿಯುವ ನೀರಿನ ವ್ಯವಸ್ಥೆ, ಕಸ ವಿಲೇವಾರಿಯ ವ್ಯವಸ್ಥೆ.

6. ಲಸಿಕೆ ಮತ್ತು ಪ್ರವೇಶ

ರೇಬೀಸ್ ಅಥವಾ ಹುಚ್ಚುನಾಯಿ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಸಾವು ಬಹುತೇಕ ಖಚಿತ. ಆದರೆ ಲಸಿಕೆಯಿಂದ ಇದನ್ನು ಸಂಪೂರ್ಣವಾಗಿ ತಡೆಗಟ್ಟಬಹುದು. ಆದುದರಿಂದ:

ಅ) ಮರಿಗೆ ಮೂರು ತಿಂಗಳಾದಾಗ ಮೊದಲ ರೇಬೀಸ್ ಲಸಿಕೆಯನ್ನೂ, ಆನಂತರ ಪಶುವೈದ್ಯರ ಸಲಹೆಯಂತೆ ಪುನರ್ ಲಸಿಕೆಗಳನ್ನೂ ಹಾಕಿಸತಕ್ಕದ್ದು.
ಆ) ಲಸಿಕಾ ಕಾರ್ಡ್ ಇಲ್ಲದ ನಾಯಿಗೆ ಪ್ರದರ್ಶನದ ಅಂಗಳಕ್ಕೆ ಪ್ರವೇಶ ನೀಡಬಾರದು.
ಇ) ಲಸಿಕೆ ಪೂರ್ಣಗೊಳ್ಳದ ಎಳೆಯ ಮರಿಗಳನ್ನು ಕರೆತರಬಾರದು. ಗುಂಪಿನಲ್ಲಿ ಪಾರ್ವೋ ಮತ್ತು ಡಿಸ್ಟೆಂಪರ್ ರೋಗಗಳು ಸುಲಭವಾಗಿ ಹರಡುತ್ತವೆ.
ಈ) ಯಾರಿಗಾದರೂ ನಾಯಿ ಕಚ್ಚಿದಲ್ಲಿ ಅಥವಾ ಪರಚಿದಲ್ಲಿ ಗಾಯವನ್ನು ಕೂಡಲೇ ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಗಾಯಕ್ಕೆ ಅರಿಶಿನ, ಸುಣ್ಣ, ಖಾರದಪುಡಿ ಇತ್ಯಾದಿಗಳನ್ನು ಹಚ್ಚಬಾರದು.

7. ನಿಷಿದ್ಧ ಚಟುವಟಿಕೆಗಳು

ಅ) ಬೇಟೆ: ತಳಿಯ ಸಾಮರ್ಥ್ಯವನ್ನು ತೋರಿಸುವ ನೆಪದಲ್ಲಿ ಮೊಲ, ಜಿಂಕೆ ಮುಂತಾದ ಕಾಡುಪ್ರಾಣಿಗಳ ಮೇಲೆ ನಾಯಿ ಬಿಡುವುದು ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ ಅನ್ವಯ ಅಪರಾಧ. ಹಿರಿಯರ ಕಾಲದಲ್ಲಿ ಬೇಟೆ ರೂಢಿಯಲ್ಲಿತ್ತು ಎಂಬ ಕಾರಣಕ್ಕೆ ಇದರಲ್ಲಿ ವಿನಾಯಿತಿ ದೊರೆಯುವುದಿಲ್ಲ.
ಆ) ಕಾಳಗ: ನಾಯಿಗಳನ್ನು ಪರಸ್ಪರ ಅಥವಾ ಬೇರೆ ಪ್ರಾಣಿಗಳೊಡನೆ ಕಾದಾಡಿಸುವುದು ಅಪರಾಧ.
ಇ) ಪಟಾಕಿ, ಮೈಗೆ ಬಣ್ಣ ಬಳಿಯುವುದು ಹಾಗೂ ಬಿಸಿಲಿನಲ್ಲಿ ಮೆರವಣಿಗೆ ಮಾಡುವುದನ್ನು ಕೈಬಿಡತಕ್ಕದ್ದು.
ಈ) ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ಮತ್ತು ಈರುಳ್ಳಿ ನಾಯಿಗೆ ವಿಷಕಾರಿ. ಮನುಷ್ಯರಿಗೆಂದು ತಯಾರಿಸಿದ ಕೇಕ್ ಮತ್ತು ಸಿಹಿತಿನಿಸುಗಳನ್ನು ತಿನ್ನಿಸಬಾರದು. ಉತ್ತರ ಕರ್ನಾಟಕದ ಪಾಲಕರು ವಾಡಿಕೆಯಂತೆ ನೀಡುವ ರೊಟ್ಟಿ ಮತ್ತು ಹಾಲಿನ ಜೊತೆಗೆ ಮೊಟ್ಟೆ ಅಥವಾ ಮಾಂಸ ಸೇರಿಸುವ ಬಗ್ಗೆ ಪಶುವೈದ್ಯರ ಸಲಹೆ ಪಡೆಯುವುದು.

8. ಮರಿ ಕೊಳ್ಳಬಯಸುವವರಿಗೆ ಸೂಚನೆ

ದಿನಾಚರಣೆಯ ಉತ್ಸಾಹದಲ್ಲಿ ಮರಿ ಕೊಂಡು, ಕೆಲವೇ ತಿಂಗಳಲ್ಲಿ ಬೀದಿಗೆ ಬಿಡುವುದರಿಂದ ತಳಿಗೂ ಸಮಾಜಕ್ಕೂ ಹಾನಿಯಾಗುತ್ತದೆ. ಮುಧೋಳ ನಾಯಿಗೆ ಪ್ರತಿದಿನ ಓಡಾಡಲು ಆವರಣವುಳ್ಳ ಬಯಲು ಬೇಕು. ಇಡೀ ದಿನ ಸರಪಳಿಯಲ್ಲಿ ಕಟ್ಟಿದ ನಾಯಿಯ ಮೈಕಟ್ಟು ಕುಂದಿ, ಸ್ವಭಾವವೂ ಕೆಡುತ್ತದೆ. ಅತಿ ಗಿಡ್ಡ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದು ಮತ್ತು ಸದಾ ಕಟ್ಟಿದ ನಾಯಿಗೆ ವ್ಯಾಯಾಮ ಕೊಡಿಸದಿರುವುದು 1960ರ ಅಧಿನಿಯಮದಲ್ಲಿ ಕ್ರೌರ್ಯವೆಂದೇ ಪರಿಗಣಿತವಾಗಿದೆ.

ಶ್ವಾನ ಸಂವರ್ಧನೆ ಮತ್ತು ಮಾರಾಟ ನಿಯಮಗಳು, 2017ರ ಪ್ರಕಾರ ಮರಿ ಮಾರುವ ಸಂವರ್ಧಕರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳು ತುಂಬದ ಹೆಣ್ಣು ನಾಯಿಯನ್ನು ಸಂವರ್ಧನೆಗೆ ಬಳಸುವಂತಿಲ್ಲ. ಕೊಳ್ಳುವವರು ನೋಂದಣಿ ಪತ್ರ, ಲಸಿಕಾ ಕಾರ್ಡ್ ಮತ್ತು ರಸೀದಿಯನ್ನು ಕೇಳಿ ಪಡೆಯುವುದು. ಸಾಧ್ಯವಾದಲ್ಲಿ ತಾಯಿ ನಾಯಿಯನ್ನು ಕಣ್ಣಾರೆ ನೋಡುವುದು. ಬೇರೆ ತಳಿಗಳೊಂದಿಗೆ ಬೆರೆತ ಮರಿಗಳನ್ನು ಶುದ್ಧ ಮುಧೋಳವೆಂದು ನಂಬಿಸಿ ಮಾರುವ ಸಂಭವವಿರುವುದರಿಂದ ಈ ಎಚ್ಚರ ಅಗತ್ಯ.

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ, ಬೀದರದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ತಳಿಯ ಶುದ್ಧತೆ ಕಾಪಾಡುವುದು, ಪಾಲಕರಿಗೆ ಮಾರ್ಗದರ್ಶನ ನೀಡುವುದು ಮತ್ತು ಮರಿಗಳನ್ನು ಒದಗಿಸುವುದು ಕೇಂದ್ರದ ಕಾರ್ಯಗಳು. ಮರಿಗಳ ಲಭ್ಯತೆ ಹಾಗೂ ದರವನ್ನು ಕೇಂದ್ರದಲ್ಲಿಯೇ ವಿಚಾರಿಸತಕ್ಕದ್ದು.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಇತರೆ ತಳಿಯ ಅಥವಾ ಬೀದಿಯಿಂದ ತಂದು ಸಾಕಿದ ನಾಯಿಗಳನ್ನು ಕರೆತರಬಹುದೇ?
ಉತ್ತರ: ಕರೆತರಬಹುದು. ಲಸಿಕೆಯ ಷರತ್ತು ಎಲ್ಲ ನಾಯಿಗಳಿಗೂ ಒಂದೇ. ತಳಿಯ ಸ್ಪರ್ಧೆಯನ್ನು ಮಾತ್ರ ಪ್ರತ್ಯೇಕವಾಗಿ ನಡೆಸುವುದು.

ಪ್ರಶ್ನೆ: ಓಟದ ಪ್ರಾತ್ಯಕ್ಷಿಕೆ ಏರ್ಪಡಿಸಬಹುದೇ?
ಉತ್ತರ: ಜೀವಂತ ಪ್ರಾಣಿಯನ್ನು ಆಮಿಷವಾಗಿ ಬಳಸುವಂತಿಲ್ಲ. ಪಾಲಕರು ಮೈದಾನದ ಇನ್ನೊಂದು ತುದಿಯಿಂದ ಕೂಗಿ ಕರೆದಾಗ ನಾಯಿ ಓಡಿಬರುವ ಸರಳ ಪ್ರಾತ್ಯಕ್ಷಿಕೆಗೆ ಪಶುವೈದ್ಯರ ಒಪ್ಪಿಗೆ ಪಡೆಯುವುದು. ಆವರಣಕ್ಕೆ ಬೇಲಿ ಇರತಕ್ಕದ್ದು. ಒಮ್ಮೆಗೆ ಒಂದೇ ನಾಯಿಯನ್ನು ಬಿಡತಕ್ಕದ್ದು. ಬಾಜಿ ಕಟ್ಟುವಂತಿಲ್ಲ.

ಪ್ರಶ್ನೆ: ನಾಯಿಗೆ ಶಸ್ತ್ರಚಿಕಿತ್ಸೆ ಬೇಕಾದಲ್ಲಿ ವಿಶೇಷ ಎಚ್ಚರ ಅಗತ್ಯವೇ?
ಉತ್ತರ: ಅಗತ್ಯ. ಮೈಯಲ್ಲಿ ಕೊಬ್ಬಿನಂಶ ಕಡಿಮೆಯಿರುವ ಈ ವರ್ಗದ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಿಗಳು ಹೊಂದುವುದಿಲ್ಲ. ತಳಿಯ ಹೆಸರನ್ನು ಪಶುವೈದ್ಯರಿಗೆ ಮೊದಲೇ ತಿಳಿಸುವುದು.

10. ಸಮಾರೋಪ

ತಳಿಯ ದಿನಾಚರಣೆಯ ಯಶಸ್ಸನ್ನು ಸೇರಿದ ಜನರ ಸಂಖ್ಯೆಯಿಂದಲ್ಲ, ಅಂದು ಲಸಿಕೆ ಪಡೆದ ನಾಯಿಗಳ ಸಂಖ್ಯೆಯಿಂದ ಅಳೆಯುವುದು ಯೋಗ್ಯ. ಸಂಘಟಕರು ಭಾಗವಹಿಸಿದ ನಾಯಿಗಳ ಹಾಗೂ ಲಸಿಕೆಯ ವಿವರಗಳನ್ನು ವಹಿಯಲ್ಲಿ ದಾಖಲಿಸಿ, ಅದರ ಒಂದು ಪ್ರತಿಯನ್ನು ಸ್ಥಳೀಯ ಪಶು ಆಸ್ಪತ್ರೆಗೆ ನೀಡಿದಲ್ಲಿ ಮುಂದಿನ ವರ್ಷದ ಲಸಿಕಾ ಕಾರ್ಯಕ್ಕೆ ನೆರವಾಗುತ್ತದೆ. ಹೆಚ್ಚಿನ ವಿವರಗಳಿಗೆ ನಾಗರಿಕರು ಸಮೀಪದ ಪಶು ಆಸ್ಪತ್ರೆಯನ್ನು ಅಥವಾ ತಾಲ್ಲೂಕು ಮಟ್ಟದ ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.