ಆಪತ್ಕಾಲಕ್ಕೆ ಅಡುಗೆಮನೆಯ ದಾಸ್ತಾನು

2020ರ ಮಾರ್ಚ್ 24ರ ರಾತ್ರಿ 21 ದಿನಗಳ ಲಾಕ್‌ಡೌನ್ ಘೋಷಣೆಯಾದೊಡನೆ ಜನ ದಿನಸಿ ಅಂಗಡಿಗಳಿಗೆ ಮುಗಿಬಿದ್ದರು. ಇಂತಹ ಧಾವಂತದಿಂದ ಇಲ್ಲದ ಕೊರತೆಯೂ ಹುಟ್ಟುತ್ತದೆ. ಅದರ ಪೆಟ್ಟು ಅಂದಂದೇ ಕೊಂಡು ಉಣ್ಣುವ ದಿನಗೂಲಿಯವರಿಗೆ.

ದಿನಕ್ಕೆ ತಲಾ 300 ಗ್ರಾಂ ಧಾನ್ಯವೆಂದರೆ ನಾಲ್ವರ ಕುಟುಂಬಕ್ಕೆ ಎರಡು ವಾರಕ್ಕೆ ಬೇಕಾದುದು ಸುಮಾರು 17 ಕೆ.ಜಿ. ತಿಂಗಳ ಸಾಮಾನಿನೊಡನೆ ಮೂರೂವರೆ ಕೆ.ಜಿ. ಹೆಚ್ಚಿಗೆ ತಂದರೆ ಐದು ತಿಂಗಳಲ್ಲಿ ಕೂಡುತ್ತದೆ.

ಹಳೆ ಮೈಸೂರು ಸೀಮೆಯ ರೈತರು ಹಗೇವುಗಳಲ್ಲಿ ರಾಗಿಯನ್ನು ವರ್ಷಗಟ್ಟಲೆ ಕಾಪಿಡುತ್ತಿದ್ದರು. ಕಾಳಿಗಿರುವ ಆ ಬಾಳಿಕೆ ಹಿಟ್ಟಿಗಿಲ್ಲ; ರವೆಗಂತೂ ಬೇಗ ಹುಳು ಬೀಳುತ್ತದೆ. ರಾಗಿ, ಬೇಳೆಗಳನ್ನು ಬಿಸಿಲಿಗೆ ಒಣಗಿಸಿ, ಆರಿದ ಬಳಿಕ ಗಾಳಿಯಾಡದ ಡಬ್ಬಿಗೆ ತುಂಬುವುದು ಲೇಸು. ಹಳೆಯದನ್ನೇ ಮೊದಲು ಬಳಸಿ, ಖಾಲಿಯಾದಷ್ಟನ್ನು ಹೊಸದರಿಂದ ಭರ್ತಿ ಮಾಡಬೇಕು. ಅನಿಲ ಸಿಲಿಂಡರ್ ಮುಗಿದ ದಿನಕ್ಕೆಂದು ಅವಲಕ್ಕಿ, ಹುರಿಹಿಟ್ಟು ಇರಲಿ.