ವೇಪೇರಿಯ ವಿವಾದ: ಶಾಸ್ತ್ರಪ್ರಾಮಾಣ್ಯವೂ ಹಿರಿಯರ ರೂಢಿಯೂ

ದೇವರ ಆಜ್ಞೆಗೂ ಹಿರಿಯರ ಸಂಪ್ರದಾಯಕ್ಕೂ ನಡುವಣ ಘರ್ಷಣೆ ಕ್ರೈಸ್ತ ಧರ್ಮದಲ್ಲಿ ಸುವಾರ್ತೆಗಳಷ್ಟೇ ಹಳೆಯದು. ಕೈತೊಳೆಯದೆ ಉಣ್ಣುವುದನ್ನು ಕುರಿತು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಬರುವ ವಾಗ್ವಾದ ಇದರ ಪ್ರಸಿದ್ಧ ನಿದರ್ಶನ. ಮದರಾಸಿನಲ್ಲಿ ಈ ಪ್ರಶ್ನೆ ಎದ್ದುದೂ ಪಂಕ್ತಿಯ ವಿಷಯದಲ್ಲಿಯೇ.

1833ರ ಜುಲೈಯಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಅವರು ದಕ್ಷಿಣದ ಸಭೆಗಳಿಗೆ ಸುತ್ತೋಲೆ ಕಳುಹಿಸಿ, ಜಾತಿಭೇದವನ್ನು ಕೂಡಲೇ, ಸಂಪೂರ್ಣವಾಗಿ ತ್ಯಜಿಸಬೇಕೆಂದು ವಿಧಿಸಿದರು. ಮದರಾಸಿಗೆ ಆಗಿನ್ನೂ ಪ್ರತ್ಯೇಕ ಬಿಷಪ್ ಇರಲಿಲ್ಲ. ಅಲ್ಲಿಯವರೆಗೆ ತರಂಗಂಬಾಡಿಯ ಲೂಥರನ್ ಪಾದ್ರಿಗಳ ಪರಂಪರೆಯಲ್ಲಿ ವೆಳ್ಳಾಳರೂ ಪರಯರೂ ಒಂದೇ ಆಲಯದಲ್ಲಿ ಬೇರೆಬೇರೆಯಾಗಿ ಕುಳಿತು ಆರಾಧಿಸುತ್ತಿದ್ದರು. ಬಿಷಪರ ದೃಷ್ಟಿಯಲ್ಲಿ ಇದು ಶಾಸ್ತ್ರವಿರುದ್ಧವಾದ ಮನುಷ್ಯಕಲ್ಪಿತ ರೂಢಿ. ವೆಳ್ಳಾಳ ಕ್ರೈಸ್ತರ ದೃಷ್ಟಿಯಲ್ಲಿ ಕೇವಲ ಲೌಕಿಕ ಮರ್ಯಾದೆ. ವೇಪೇರಿಯ ಸಭೆಯಿಂದ ಹಲವರು ಹೊರನಡೆದರು. ತಂಜಾವೂರಿನಲ್ಲಿ ಪ್ರತಿರೋಧ ಇನ್ನೂ ತೀವ್ರವಾಗಿತ್ತು.

ತಂಜಾವೂರಿನ ಕವಿ ವೇದನಾಯಕ ಶಾಸ್ತ್ರಿ (1774–1864) ಈ ವಾದವನ್ನು ಮೊದಲೇ ಆರಂಭಿಸಿದ್ದರು. ಹೊಸ ಪಾದ್ರಿಗಳ ಮೇಲೆ ಅವರು ಹೊರಿಸಿದ ಆರೋಪಗಳು ನಾಲ್ಕು: ತಮಿಳು ಬೈಬಲನ್ನು ತಿದ್ದಿದ್ದು, ಜಾತಿಗಳನ್ನು ಬೆರೆಸಲು ಹೊರಟದ್ದು, ಹೂವಿನ ಬಳಕೆಯನ್ನು ನಿಷೇಧಿಸಿದ್ದು, ಆಲಯದಿಂದ ಕೀರ್ತನೆಗಳನ್ನು ಹೊರಹಾಕಿದ್ದು. ಈ ಪಟ್ಟಿಯನ್ನು ಜಾತ್ಯಭಿಮಾನದ ಪ್ರದರ್ಶನವೆಂದಷ್ಟೇ ಓದಿ ಮುಗಿಸುವುದು ಸರಿಯಲ್ಲ, ಜಾತ್ಯಭಿಮಾನ ಅದರಲ್ಲಿ ಇದ್ದೇ ಇದೆಯಾದರೂ. ಮೊದಲನೆಯ ಆರೋಪವನ್ನು ನೋಡಬೇಕು. ಮದರಾಸಿನಲ್ಲಿ ನೆಲೆಸಿದ್ದ ಫ್ಯಾಬ್ರಿಸಿಯಸ್ಸರ ತಮಿಳು ಅನುವಾದ ಶಾಸ್ತ್ರಿಗಳ ಪೀಳಿಗೆಗೆ ಅನುವಾದವಾಗಿ ಉಳಿದಿರಲಿಲ್ಲ, ವೇದವೇ ಆಗಿತ್ತು. ರೇನಿಯಸ್ ಅದನ್ನು ತಿದ್ದಿ ಸರಳಗೊಳಿಸಿದಾಗ ಶಾಸ್ತ್ರವೇ ಕೆಟ್ಟಿತೆಂದು ಅವರಿಗೆ ತೋರಿತು. ಶಾಸ್ತ್ರವನ್ನು ಕಾಯುವವನು ರೂಢಿಯನ್ನೂ, ರೂಢಿಯನ್ನು ಅಳಿಸುವವನು ಶಾಸ್ತ್ರದ ಪಾಠವನ್ನೂ ಮುಟ್ಟಬೇಕಾಗಿ ಬಂದ ಸನ್ನಿವೇಶವಿದು.

ಮತ್ತೊಂದು ಸಂಗತಿ ಸ್ವಾರಸ್ಯಕರ. 1835ರಲ್ಲಿ ರೇನಿಯಸ್ಸರನ್ನೇ ಅವರ ಸಂಸ್ಥೆ ಸೇವೆಯಿಂದ ಬೇರ್ಪಡಿಸಿತು. ಆಂಗ್ಲಿಕನ್ ಸಭೆಯ ಪದ್ಧತಿಗಳನ್ನು ಶಾಸ್ತ್ರಾಧಾರದಿಂದ ಟೀಕಿಸಿದ್ದೇ ಕಾರಣ. ತಮಿಳರ ರೂಢಿಗೆ ಹಿಡಿದ ಒರೆಗಲ್ಲನ್ನು ಇಂಗ್ಲೆಂಡಿನ ರೂಢಿಗೆ ಹಿಡಿದಾಗ ಫಲ ಬೇರೆಯಾಯಿತು.

ಕನ್ನಡದ ಓದುಗನಿಗೆ ಇಲ್ಲೊಂದು ವಿಪರ್ಯಾಸ ಕಾಣದಿರದು. ಹನ್ನೆರಡನೆಯ ಶತಮಾನದ ಶರಣರು ಕುಲಭೇದವನ್ನು ನಿರಾಕರಿಸಿದ್ದು ವೇದಪ್ರಾಮಾಣ್ಯವನ್ನು ಬದಿಗಿರಿಸಿ, ಅನುಭಾವವನ್ನು ಮುಂದುಮಾಡಿ. ವೇಪೇರಿಯಲ್ಲಿ ಅದೇ ಭೇದವನ್ನು ನಿರಾಕರಿಸಲು ಗ್ರಂಥಪ್ರಾಮಾಣ್ಯವೇ ಆಧಾರ. ಬೈಬಲಿಗೆ ಕನ್ನಡದಲ್ಲಿ 'ಸತ್ಯವೇದ'ವೆಂಬ ಹೆಸರು ನೆಲೆಗೊಂಡಿತೆಂಬುದನ್ನು ನೆನೆದರೆ ಈ ವಿಪರ್ಯಾಸ ಇನ್ನಷ್ಟು ಸ್ಫುಟವಾಗುತ್ತದೆ. ಒಂದೆಡೆ ವೇದವನ್ನು ಬಿಟ್ಟು, ಇನ್ನೊಂದೆಡೆ ವೇದವನ್ನು ಹಿಡಿದು, ಜಾತಿಯ ಎದುರು ನಿಂತಂತಾಯಿತು.

ಪರಯ ಕ್ರೈಸ್ತರ ಪಾಲಿಗೆ ಇದು ಪಾಠಾಂತರದ ಚರ್ಚೆಯಾಗಿರಲಿಲ್ಲ. ಪ್ರಭುಭೋಜನದ ಒಂದೇ ಬಟ್ಟಲಿನಿಂದ ಯಾರು ಮೊದಲು, ಯಾರು ಅನಂತರ ಕುಡಿಯಬೇಕೆಂಬ ಪ್ರಶ್ನೆಯಾಗಿತ್ತು. 1850ರಲ್ಲಿ ಮದರಾಸಿನ ಮಿಷನರಿಗಳ ಸಮ್ಮೇಳನ ಇದಕ್ಕೊಂದು ಪರೀಕ್ಷೆಯನ್ನು ಗೊತ್ತುಮಾಡಿತು: ಪರಯರು ಬೇಯಿಸಿದ ಅನ್ನವನ್ನು ಉಣ್ಣಲೊಲ್ಲದವನನ್ನು ಸಭೆಗೆ ಸೇರಿಸಿಕೊಳ್ಳಲಾಗದು. ಜಾತಿಯನ್ನು ಲೌಕಿಕ ವ್ಯವಸ್ಥೆಯೆಂದು ಭಾವಿಸಿದ ಲೈಪ್ಜಿಗ್ ಮಿಷನ್ನಿನ ಲೂಥರನ್ನರು ಇದನ್ನು ಒಪ್ಪಲಿಲ್ಲ. ತಂಜಾವೂರಿನಲ್ಲಿ ಮುನಿದು ಹೊರಬಂದವರಲ್ಲಿ ಅನೇಕರು ಕೊನೆಗೆ ಸೇರಿದ್ದು ಅವರನ್ನೇ.